1766319049ರ ಅಪವರ್ತನಗಳು: ಭಾಸ್ಕರಾಚಾರ್ಯರ 61ರ ಲೆಕ್ಕದಿಂದ ಬಂದ ಸಂಖ್ಯೆಯ ಕುರಿತು

ಪ್ರಶ್ನೆ: ಪ್ರೌಢಶಾಲೆಯ ಗಣಿತ ಶಿಕ್ಷಕ, ಇಂಡಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನಕ್ಕಾಗಿ ನಮ್ಮ ಶಾಲೆಯ ಮಕ್ಕಳು ಗೋಡೆಪತ್ರಿಕೆ ಸಿದ್ಧಪಡಿಸುತ್ತಿದ್ದಾರೆ. ವಿಜಯಪುರ ಜಿಲ್ಲೆಯ ಶಾಲೆ ಎಂದ ಮೇಲೆ ಭಾಸ್ಕರಾಚಾರ್ಯರ ಒಂದು ಲೆಕ್ಕ ಅದರಲ್ಲಿ ಇರಲೇಬೇಕು ಎಂದು ಅವರು ಹಟ ಹಿಡಿದಿದ್ದರಿಂದ, 1150ರಲ್ಲಿ ರಚಿತವಾದ ‘ಬೀಜಗಣಿತ’ದ ಹೆಸರಾಂತ ಲೆಕ್ಕವನ್ನೇ ಕೊಟ್ಟೆ: ಯಾವ ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಇನ್ನೊಂದು ಪೂರ್ಣ ವರ್ಗ ಬರುತ್ತದೆ? ಸೊನ್ನೆಯನ್ನು ಬಿಟ್ಟರೆ ಇದಕ್ಕೆ ಅತಿ ಚಿಕ್ಕ ಉತ್ತರವೇ 22,61,53,980 ಆಗಿದ್ದು, ಎದುರಿಗೆ ಬರುವ ವರ್ಗದ ಮೂಲ 1,76,63,19,049, ಅಂದರೆ 176 ಕೋಟಿ 63 ಲಕ್ಷ 19 ಸಾವಿರದ 49 ಆಗುತ್ತದೆ.

ಈ ದೊಡ್ಡ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದ ಕೂಡಲೇ ಎಂಟನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಇದು ಅವಿಭಾಜ್ಯ ಸಂಖ್ಯೆಯೇ ಎಂದು ಕೇಳಿದಳು. 11ರ ಭಾಜ್ಯತೆಯ ನಿಯಮ ಹಚ್ಚಿ ನೋಡೋಣ ಎಂದು, ಬಲದಿಂದ ಒಂದು ಬಿಟ್ಟು ಒಂದು ಅಂಕೆಯನ್ನು ಕೂಡಿದೆವು. 9, 0, 1, 6, 7 ಕೂಡಿದರೆ 23 ಬಂತು. ಉಳಿದ 4, 9, 3, 6, 1 ಕೂಡಿದರೂ 23 ಬಂತು. ಹಾಗಾಗಿ ಸಂಖ್ಯೆ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಭಾಗಲಬ್ಧ 16,05,74,459. ನಾವು ನಿಂತಿದ್ದು ಇಲ್ಲಿಯೇ. ಈ ಭಾಗಲಬ್ಧದ ವರ್ಗಮೂಲ 12,671ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಯವರೆಗಿನ ಅವಿಭಾಜ್ಯ ಸಂಖ್ಯೆಗಳು ಸಾವಿರಕ್ಕೂ ಹೆಚ್ಚಿವೆ, ಅವನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡುವುದು ಮಕ್ಕಳಿಂದ ಆಗುವ ಕೆಲಸವಲ್ಲ.

ಕಂಪ್ಯೂಟರಿಗೆ ಕೊಟ್ಟರೆ ಕ್ಷಣದಲ್ಲಿ ಉತ್ತರ ಸಿಗುತ್ತದೆ ಎಂಬುದು ನನಗೆ ಗೊತ್ತು. ಆದರೆ ಮಕ್ಕಳ ಕೈಯಿಂದಲೇ ಪೆನ್ನು ಕಾಗದದಲ್ಲಿ ಉಳಿದ ಅಪವರ್ತನಗಳನ್ನು ಹೊರತೆಗೆಸುವ ದಾರಿ ಇದೆಯೇ? ಆ ಅಪವರ್ತನಗಳಿಗೂ ಇಂಥ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ಭಾಸ್ಕರಾಚಾರ್ಯರ ಚಕ್ರವಾಲ ವಿಧಾನಕ್ಕೂ ಏನಾದರೂ ಸಂಬಂಧವಿದೆಯೇ, ಅಥವಾ ಅವು ಸುಮ್ಮನೆ ಬಂದು ಕೂತ ಸಂಖ್ಯೆಗಳೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಪದವಿಪೂರ್ವ ಕಾಲೇಜಿನ ಗಣಿತ ಉಪನ್ಯಾಸಕಿ, ಜಮಖಂಡಿ

ಸರ್, ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಈ ಸಂಖ್ಯೆಯನ್ನು ಸಿದ್ಧವಾಗಿ ಕೈಗೆ ತೆಗೆದುಕೊಂಡು ಒಡೆಯಲು ಹೊರಟರೆ ಕಷ್ಟ. ಅದು ಹುಟ್ಟಿದ ಬಗೆಯನ್ನು ನೋಡಿದರೆ ಅದರ ಅಪವರ್ತನಗಳು ಅಲ್ಲಿಯೇ ಕಾಣುತ್ತವೆ.

ನಮ್ಮ ಪೂರ್ವಿಕರು 61ನ್ನು ಪ್ರಕೃತಿ ಎಂದೂ, 61ರಿಂದ ಗುಣಿಸಿಕೊಳ್ಳುವ ವರ್ಗದ ಮೂಲವನ್ನು ಕನಿಷ್ಠ ಎಂದೂ, ಎದುರು ಬರುವ ವರ್ಗದ ಮೂಲವನ್ನು ಜ್ಯೇಷ್ಠ ಎಂದೂ, ಎರಡರ ನಡುವೆ ಬೀಳುವ ವ್ಯತ್ಯಾಸವನ್ನು ಕ್ಷೇಪ ಎಂದೂ ಕರೆದರು. ಕನಿಷ್ಠವನ್ನು 1 ಎಂದು ಹಿಡಿದರೆ ಅದಕ್ಕೆ ಒಪ್ಪುವ ಜ್ಯೇಷ್ಠ 8, ಏಕೆಂದರೆ 64 − 61 = 3; ಇಲ್ಲಿ ಕ್ಷೇಪ 3. ಚಕ್ರವಾಲದ ಮುಂದಿನ ಹೆಜ್ಜೆಗೆ ಒಂದು ಗುಣಕ ಬೇಕು. ಅದನ್ನು ಕನಿಷ್ಠಕ್ಕೆ ಗುಣಿಸಿ ಜ್ಯೇಷ್ಠವನ್ನು ಕೂಡಿದರೆ ಬರುವ ಮೊತ್ತ 3ರಿಂದ ಭಾಗವಾಗಬೇಕು, ಮತ್ತು ಆ ಗುಣಕದ ವರ್ಗ 61ಕ್ಕೆ ಆದಷ್ಟು ಹತ್ತಿರವಿರಬೇಕು. 1, 4, 7, 10 ಮೊದಲಾದವು ಮೊದಲ ಷರತ್ತಿಗೆ ಒಪ್ಪುತ್ತವೆ. ಅವುಗಳಲ್ಲಿ 7ರ ವರ್ಗವಾದ 49 ಹತ್ತಿರದ್ದು. ಹೊಸ ಕನಿಷ್ಠ (7 + 8) ÷ 3 = 5, ಹೊಸ ಜ್ಯೇಷ್ಠ (56 + 61) ÷ 3 = 39, ಹೊಸ ಕ್ಷೇಪ (49 − 61) ÷ 3 = −4. ತಾಳೆ ನೋಡಿದರೆ 39² = 1521, 61 × 25 = 1525, ಸರಿಯಾಗಿ 4 ಕಡಿಮೆ.

ಕ್ಷೇಪ −4 ಬಂದ ಕೂಡಲೇ ಚಕ್ರವನ್ನು ಮತ್ತೆ ತಿರುಗಿಸುವ ಅಗತ್ಯ ಇರುವುದಿಲ್ಲ. ಕ್ರಿ.ಶ. 628ರಲ್ಲಿಯೇ ಬ್ರಹ್ಮಗುಪ್ತರು ಈ ಸಂದರ್ಭಕ್ಕೆ ನೇರವಾದ ಸೂತ್ರವನ್ನು ಕೊಟ್ಟಿದ್ದಾರೆ. ಜ್ಯೇಷ್ಠದ ವರ್ಗ 1521ಕ್ಕೆ ಕ್ರಮವಾಗಿ 1, 2, 3 ಕೂಡಿಸಿ 1522, 1523, 1524 ಎಂದು ಬರೆದುಕೊಳ್ಳಿ. ಮೊದಲನೆಯದನ್ನು ಕೊನೆಯದರಿಂದ ಗುಣಿಸಿ ಅರ್ಧ ಮಾಡಿದರೆ 11,59,764 ಬರುತ್ತದೆ. ಇದನ್ನು 39 × 5, ಅಂದರೆ 195ರಿಂದ ಗುಣಿಸಿದರೆ ನಿಮ್ಮ 22,61,53,980 ಸಿಗುತ್ತದೆ. ಆ 11,59,764ರಲ್ಲಿ 1 ಕಳೆದು, ಉಳಿದ 11,59,763ನ್ನು ನಡುವಿನ 1523ರಿಂದ ಗುಣಿಸಿದರೆ 1,76,63,19,049 ಸಿಗುತ್ತದೆ. ಆ ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾಗಿಯೇ ಹುಟ್ಟುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಿ. 1523 ಎಲ್ಲಿಂದಲೋ ಬಂದ ಅಪವರ್ತನವಲ್ಲ, ಅದು 39ರ ವರ್ಗಕ್ಕೆ 2 ಕೂಡಿಸಿದಾಗ ಬರುವ ಸಂಖ್ಯೆ.

ಇನ್ನು ಇವೆರಡನ್ನು ಮತ್ತೆ ಒಡೆಯಬೇಕು. ಇಲ್ಲಿ ವರ್ಗಶೇಷಗಳ ಸಿದ್ಧಾಂತ, ಅಂದರೆ ವರ್ಗ ಸಂಖ್ಯೆಗಳನ್ನು ಭಾಗಿಸಿದಾಗ ಯಾವ ಶೇಷಗಳು ಬರಬಲ್ಲವು ಎಂಬುದರ ನಿಯಮಗಳು, ಬಹಳ ನೆರವಾಗುತ್ತದೆ. ಯಾವುದಾದರೂ ಬೆಸ ಅವಿಭಾಜ್ಯ ಸಂಖ್ಯೆ 39² + 2ನ್ನು ಭಾಗಿಸಬೇಕಾದರೆ, ಅದನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 3 ಬರಲೇಬೇಕು. 1523ರ ವರ್ಗಮೂಲ 39ರ ಆಸುಪಾಸಿನಲ್ಲಿದೆ. ಅದರೊಳಗೆ ಈ ಷರತ್ತಿಗೆ ಒಪ್ಪುವ ಅವಿಭಾಜ್ಯಗಳು 3, 11, 17, 19 ಇಷ್ಟೇ. ಭಾಗಿಸಿದರೆ ಶೇಷಗಳು 2, 5, 10, 3 ಬರುತ್ತವೆ. ಆದ್ದರಿಂದ 1523 ಅವಿಭಾಜ್ಯ.

11,59,763ನ್ನು ದ್ವಿಗುಣಗೊಳಿಸಿದರೆ 1523² − 3 ಆಗುತ್ತದೆ. ಇದರಿಂದ ಅದರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 12ರಿಂದ ಭಾಗಿಸಿದಾಗ 1 ಅಥವಾ 11 ಶೇಷ ಕೊಡುವಂಥದ್ದಾಗಿರಬೇಕು. ಅದರ ಜೊತೆಗೆ ಇಡೀ ಸಂಖ್ಯೆ 2 × 29718² + 1 ಎಂಬ ರೂಪದಲ್ಲೂ ಇದೆ. ಹಾಗಾಗಿ 8ರ ಮೇಲಿನ ಷರತ್ತು ಇಲ್ಲಿಯೂ ಅನ್ವಯಿಸುತ್ತದೆ. ಎರಡನ್ನೂ ಸೇರಿಸಿದರೆ, 24ರಿಂದ ಭಾಗಿಸಿದಾಗ ಶೇಷ 1 ಅಥವಾ 11 ಬರುವ ಅವಿಭಾಜ್ಯಗಳನ್ನು ಮಾತ್ರ ಪರೀಕ್ಷಿಸಿದರೆ ಸಾಕು. ಅವು ಕ್ರಮವಾಗಿ 11, 59, 73, 83, 97, 107 ಹೀಗೆ ಬಹಳ ವಿರಳವಾಗಿ ಬರುತ್ತವೆ. 11ರಿಂದ ಭಾಗಿಸಿದರೆ 1,05,433 ಉಳಿಯುತ್ತದೆ. ಇದನ್ನು ಮತ್ತೆ 11 ಭಾಗಿಸುವುದಿಲ್ಲ. ಪಟ್ಟಿಯಲ್ಲಿ ಮುಂದಿನದು 59. ಅದು ನಿಶ್ಶೇಷವಾಗಿ ಭಾಗಿಸಿ 1787 ಕೊಡುತ್ತದೆ. 1787ರ ವರ್ಗಮೂಲ 43ಕ್ಕಿಂತ ಕಡಿಮೆ, ಅದರೊಳಗೆ ಪಟ್ಟಿಯಲ್ಲಿರುವುದು 11 ಒಂದೇ, ಅದರಿಂದ ಭಾಗಿಸಿದರೆ ಶೇಷ 5. ಅಲ್ಲಿಗೆ 1787 ಕೂಡ ಅವಿಭಾಜ್ಯವೆಂದು ಒಂದೇ ಭಾಗಾಕಾರದಿಂದ ತೀರ್ಮಾನವಾಯಿತು.

1766319049 = 11 × 59 × 1523 × 1787.

ಸಾವಿರಕ್ಕೂ ಹೆಚ್ಚು ಭಾಗಾಕಾರಗಳ ಜಾಗದಲ್ಲಿ ಬೆರಳೆಣಿಕೆಯಷ್ಟು ಸಾಕಾದವು. 24ರ ಷರತ್ತಿನ ಸಾಧನೆ ಎಂಟನೇ ತರಗತಿಗೆ ಹೆಚ್ಚಾಯಿತು, ಅದನ್ನು ಹೇಳಿಕೆಯಾಗಿ ಕೊಟ್ಟರೆ ಸಾಕು. ಆದರೆ ಭಾಗಾಕಾರಗಳನ್ನು ಮಕ್ಕಳೇ ಮಾಡಲಿ.

ಪ್ರಶ್ನೆ ಕೇಳಿದವರಿಂದ

ಮೇಡಂ, ಬಹಳ ಉಪಕಾರವಾಯಿತು. ಇಂದು ತರಗತಿಯಲ್ಲಿ 59ರ ಭಾಗಾಕಾರ ಮಾಡಿಸಿದೆ. ಶೇಷ ಸೊನ್ನೆ ಬಂದಾಗ ಮಕ್ಕಳ ಖುಷಿ ನೋಡುವಂತಿತ್ತು. ಈಗ ಇನ್ನೊಂದು ತೊಡಕು ಎದುರಾಗಿದೆ. ಮೂಲ ಲೆಕ್ಕವನ್ನೇ ತಾಳೆ ನೋಡುತ್ತೇವೆಂದು ಒಬ್ಬ ಹುಡುಗ ತನ್ನ ತಂದೆಯ ದಲಾಲಿ ಅಂಗಡಿಯ 12 ಅಂಕೆಗಳ ಕ್ಯಾಲ್ಕ್ಯುಲೇಟರ್ ತಂದಿದ್ದ. ವರ್ಗ ಮಾಡಲು ಹೋದರೆ ಅದು ಮೂಲೆಯಲ್ಲಿ ‘ಇ’ ಅಕ್ಷರ ತೋರಿಸಿ ನಿಂತುಬಿಡುತ್ತದೆ. 19 ಅಂಕೆಗಳ ಗುಣಾಕಾರವನ್ನು ಕೈಯಿಂದ ಮಾಡಿಸದೆ, ವ್ಯತ್ಯಾಸ ಸರಿಯಾಗಿ 1 ಎಂಬುದನ್ನು ಮಕ್ಕಳಿಗೆ ಮನದಟ್ಟು ಮಾಡುವುದು ಹೇಗೆ? ನೀವು ಬರೆದ 29718 ಎಲ್ಲಿಂದ ಬಂತು ಎಂಬುದೂ ನನಗೆ ತಿಳಿಯಲಿಲ್ಲ.

ಉತ್ತರ: ಬಿ.ಎಸ್ಸಿ. ಗಣಿತ ವಿದ್ಯಾರ್ಥಿ, ವಿಜಯಪುರ

ಗುರುಗಳೇ, ನಿಮ್ಮ ಎರಡನೇ ಪ್ರಶ್ನೆಯ ಉತ್ತರದಲ್ಲಿಯೇ ಮೊದಲನೆಯದರ ಪರಿಹಾರವೂ ಇದೆ. 1766319049ರ ಅಕ್ಕಪಕ್ಕದ ಸಂಖ್ಯೆಗಳನ್ನು ನೋಡಿ. ಒಂದು ಕಡಿಮೆ ಇರುವ 1766319048 ಎಂದರೆ 2 × 29718². ಒಂದು ಹೆಚ್ಚು ಇರುವ 1766319050 ಎಂದರೆ 2 × 61 × 3805². ನಮ್ಮ ಸಂಖ್ಯೆಯ ಒಂದು ಮಗ್ಗುಲಿಗೆ ಒಂದು ವರ್ಗದ ಇಮ್ಮಡಿಯೂ ಇನ್ನೊಂದು ಮಗ್ಗುಲಿಗೆ ಮತ್ತೊಂದು ವರ್ಗದ 122 ಪಟ್ಟೂ ನಿಂತಿವೆ. ಹತ್ತು ಅಂಕೆಗಳ ಸಂಖ್ಯೆಗೆ ಇಂಥ ನೆರೆಹೊರೆ ಸಿಗುವುದು ಬಹಳ ಅಪರೂಪ.

ಈಗ ಆ ಹುಡುಗನ ಕ್ಯಾಲ್ಕ್ಯುಲೇಟರಿನಲ್ಲಿಯೇ 29718ರ ವರ್ಗ ಮಾಡಿಸಿ, 88,31,59,524 ಬರುತ್ತದೆ. 3805ರ ವರ್ಗ 1,44,78,025. ಅದನ್ನು 61ರಿಂದ ಗುಣಿಸಿದರೆ 88,31,59,525 ಬರುತ್ತದೆ. ಎರಡೂ ಒಂಬತ್ತು ಅಂಕೆಗಳ ಸಂಖ್ಯೆಗಳಾದ್ದರಿಂದ ಯಂತ್ರ ನಿಲ್ಲುವುದಿಲ್ಲ, ವ್ಯತ್ಯಾಸ −1 ಎಂಬುದು ಕಣ್ಣಿಗೇ ಕಾಣುತ್ತದೆ. ಇವೆರಡನ್ನು ಕೂಡಿದರೆ 1766319049; 29718ನ್ನು 3805ರಿಂದ ಗುಣಿಸಿ ಇಮ್ಮಡಿ ಮಾಡಿದರೆ 226153980. ಎರಡು ಸಂಖ್ಯೆಗಳ ಮೊತ್ತದ ವರ್ಗದಿಂದ ಅವುಗಳ ಗುಣಲಬ್ಧದ ನಾಲ್ಕು ಪಟ್ಟನ್ನು ಕಳೆದರೆ ಅವುಗಳ ವ್ಯತ್ಯಾಸದ ವರ್ಗ ಉಳಿಯುತ್ತದೆ ಎಂಬುದು ಎಂಟನೇ ತರಗತಿಯ ಮಕ್ಕಳಿಗೆ ಗೊತ್ತಿರುವ ನಿತ್ಯಸಮೀಕರಣ. ಇಲ್ಲಿ ವ್ಯತ್ಯಾಸ −1, ಅದರ ವರ್ಗ 1. ದೊಡ್ಡ ವರ್ಗಗಳನ್ನು ಮುಟ್ಟದೆಯೇ ತಾಳೆ ಮುಗಿಯಿತು. ಎರಡು ಉತ್ತರಗಳನ್ನು ಜೋಡಿಸಿ ಹೊಸ ಉತ್ತರ ಪಡೆಯುವ, ಭಾವನಾ ಎಂದು ಹೆಸರಾದ ಬ್ರಹ್ಮಗುಪ್ತರ ಕ್ರಮದ ಒಂದು ವಿಶೇಷ ಸಂದರ್ಭ ಇದು. ಗೋಡೆಪತ್ರಿಕೆಯಲ್ಲಿ ಪೂರ್ತಿ ಬರೆಯಲೇಬೇಕೆಂದಿದ್ದರೆ, 1766319049ರ ವರ್ಗ 3119882982860264401.

29718 ಮತ್ತು 3805 ಕೂಡ ಮೇಡಂ ಅವರು ತೋರಿಸಿದ 39 ಮತ್ತು 5ರಿಂದಲೇ ಬಂದಿವೆ: 29718 = 39 × 762, 3805 = 5 × 761. 762 ಮತ್ತು 761 ಅಕ್ಕಪಕ್ಕದ ಸಂಖ್ಯೆಗಳೆಂಬುದನ್ನು ಗಮನಿಸಿ. ಅವೆರಡರ ಮೊತ್ತವೇ 1523! ಅವುಗಳ ಗುಣಲಬ್ಧದ ಇಮ್ಮಡಿಯಿಂದ 1 ಕಳೆದರೆ 11,59,763. ಅಂದರೆ ಜ್ಯೇಷ್ಠ ಮೂಲ (761 + 762) × (2 × 761 × 762 − 1), ಕನಿಷ್ಠ ಮೂಲ 390 × 761 × 762. ಇದನ್ನು ಕಂಡ ದಿನ ನನಗೆ ಓದು ಮುಂದುವರಿಸಲು ಆಗಲಿಲ್ಲ, ಅದನ್ನೇ ಮತ್ತೆ ಮತ್ತೆ ಬರೆದು ನೋಡುತ್ತ ಕುಳಿತಿದ್ದೆ.

ಈ ರೂಪದಿಂದ ಇನ್ನೊಂದು ವಿಷಯ ಸ್ಪಷ್ಟವಾಗುತ್ತದೆ. ಕನಿಷ್ಠ ಮೂಲವನ್ನು ಒಡೆದರೆ 2² × 3² × 5 × 13 × 127 × 761 ಬರುತ್ತದೆ. ಅದಕ್ಕೆ 144 ಭಾಜಕಗಳಿವೆ. ಜ್ಯೇಷ್ಠ ಮೂಲ ಅದಕ್ಕಿಂತ ಏಳು ಪಟ್ಟಿಗೂ ಹೆಚ್ಚು ದೊಡ್ಡದಾಗಿದ್ದರೂ ಭಾಜಕಗಳು 16 ಮಾತ್ರ. ಇದಕ್ಕೆ ಕಾರಣವಿದೆ. ಜ್ಯೇಷ್ಠದ ವರ್ಗದಿಂದ 61 × ಕನಿಷ್ಠದ ವರ್ಗವನ್ನು ಕಳೆದರೆ 1 ಉಳಿಯುವುದರಿಂದ ಇವೆರಡಕ್ಕೂ 1ನ್ನು ಬಿಟ್ಟು ಸಾಮಾನ್ಯ ಭಾಜಕ ಇರಲು ಸಾಧ್ಯವೇ ಇಲ್ಲ. 2, 3, 5, 13ರಂಥ ಚಿಕ್ಕ ಅವಿಭಾಜ್ಯಗಳನ್ನು ಕನಿಷ್ಠವೇ ಕಟ್ಟಿಕೊಂಡಿರುವುದರಿಂದ ಅವು ಜ್ಯೇಷ್ಠಕ್ಕೆ ಒದಗುವುದಿಲ್ಲ. ಉಳಿದವುಗಳಲ್ಲಿ ಸುಮಾರು ಅರ್ಧದಷ್ಟನ್ನು ಮೇಡಂ ಹೇಳಿದ 8ರ ಷರತ್ತು ದೂರವಿಡುತ್ತದೆ. ಜ್ಯೇಷ್ಠದ ನಾಲ್ಕೂ ಅವಿಭಾಜ್ಯಗಳನ್ನು 8ರಿಂದ ಭಾಗಿಸಿ ನೋಡಿದರೆ ಎಲ್ಲದಕ್ಕೂ ಶೇಷ 3 ಬರುತ್ತದೆ.

ಉತ್ತರ: ನಿವೃತ್ತ ಪ್ರಾಧ್ಯಾಪಕ, ಬೆಳಗಾವಿ

ಚರ್ಚೆ ಬಹಳ ಚೆನ್ನಾಗಿ ನಡೆದಿದೆ. ಗೋಡೆಪತ್ರಿಕೆಯ ಬರಹಕ್ಕೆ ಬೇಕಾಗುವ ಕೆಲವು ಮಾತುಗಳನ್ನು ಸೇರಿಸುತ್ತೇನೆ.

61ನ್ನೇ ಏಕೆ ಆರಿಸಿದರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅಕ್ಕಪಕ್ಕದ ಪ್ರಕೃತಿಗಳನ್ನು ಅವರಿಂದಲೇ ಬಿಡಿಸಿ. 60ಕ್ಕೆ 31² − 60 × 4² = 1; 62ಕ್ಕೆ 63² − 62 × 8² = 1; 63ಕ್ಕಂತೂ 8² − 63 × 1² = 1. ಇವೆಲ್ಲ ಬಾಯಿಲೆಕ್ಕದಲ್ಲಿ ಸಿಗುವಂಥವು. ನಡುವೆ 61ಕ್ಕೆ ಬಂದರೆ ಮೂಲ ಹತ್ತು ಅಂಕೆಗಳಿಗೆ ಜಿಗಿಯುತ್ತದೆ. ಒಂದೊಂದೇ ಸಂಖ್ಯೆ ಹಚ್ಚಿ ನೋಡುವವನು 22 ಕೋಟಿಗೂ ಹೆಚ್ಚು ಸಂಖ್ಯೆಗಳನ್ನು ದಾಟಬೇಕು. ಈ ಒಂದು ಉದಾಹರಣೆಯಿಂದಲೇ ವಿಧಾನದ ಬಲ ಗೊತ್ತಾಗುತ್ತದೆ.

ಐರೋಪ್ಯ ಗಣಿತಜ್ಞ ಫರ್ಮಾ 1657ರಲ್ಲಿ ಫ್ರೆನಿಕಲ್ ಎಂಬವರಿಗೆ ಬರೆದ ಪತ್ರದಲ್ಲಿ ಇದೇ 61 ಮತ್ತು 109ರ ಲೆಕ್ಕಗಳನ್ನು ಸವಾಲಾಗಿ ಒಡ್ಡಿದರು. ಭಾಸ್ಕರಾಚಾರ್ಯರ ಕೃತಿ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಐದು ಶತಮಾನಗಳ ಅಂತರದಲ್ಲಿ ಇಬ್ಬರೂ ಅದೇ ಸಂಖ್ಯೆಗೆ ಬಂದದ್ದು 61ರ ಗುಣದಿಂದಲೇ. ಇಂಗ್ಲೆಂಡಿನ ಬ್ರೌಂಕರ್ ಈ ಬಗೆಯ ಲೆಕ್ಕಗಳಿಗೆ ವಿಧಾನವನ್ನು ಕಂಡುಕೊಂಡರು. ಆಯ್ಲರ್ ಅದನ್ನು ಪೆಲ್ ಎಂಬವರ ಹೆಸರಿಗೆ ಹಚ್ಚಿದ್ದರಿಂದ ಇಂದಿಗೂ ಪುಸ್ತಕಗಳಲ್ಲಿ ಪೆಲ್ ಸಮೀಕರಣ ಎಂಬ ಹೆಸರೇ ನಡೆದುಬಂದಿದೆ. ನಿಮ್ಮ ಗೋಡೆಪತ್ರಿಕೆಯಲ್ಲಿ ವರ್ಗಪ್ರಕೃತಿ ಎಂಬ ನಮ್ಮ ಹೆಸರನ್ನೇ ಬಳಸಿರಿ. ಆದರೆ ಎಲ್ಲ ಕೀರ್ತಿಯನ್ನೂ ಒಬ್ಬರಿಗೇ ಸಲ್ಲಿಸಬೇಡಿ. ಭಾವನಾ ಬ್ರಹ್ಮಗುಪ್ತರದು. ಚಕ್ರವಾಲದ ವಿಧಾನವನ್ನು ಜಯದೇವ ಎಂಬ ಗಣಿತಜ್ಞರು ಹೇಳಿದ್ದನ್ನು 1073ರಲ್ಲಿಯೇ ಉದಯದಿವಾಕರರು ಉದ್ಧರಿಸಿದ್ದಾರೆ, ಅದು ಭಾಸ್ಕರಾಚಾರ್ಯರು ಹುಟ್ಟಿದ 1114ಕ್ಕಿಂತ ಮುಂಚಿನ ಮಾತು. ಅದನ್ನು 61ರಂಥ ಕಠಿಣ ಪ್ರಕೃತಿಗೆ ಹಚ್ಚಿ, ಶಿಷ್ಯರಿಗೆ ಲೆಕ್ಕವಾಗಿ ಕೊಟ್ಟವರು ಭಾಸ್ಕರಾಚಾರ್ಯರು. ಇಲ್ಲಿ ಚರ್ಚಿಸಿದ ಅಪವರ್ತನಗಳು ಮತ್ತು 24ರ ಷರತ್ತು ನಂತರದ ಕಾಲದ ಗಣಿತಕ್ಕೆ ಸೇರಿದವು. ಅವನ್ನು ಅವರ ಹೆಸರಿಗೆ ಬರೆಯಬೇಡಿ.

ಊರಿನ ವಿಷಯದಲ್ಲಿಯೂ ಎಚ್ಚರವಿರಲಿ. ಅವರು ತಮ್ಮ ಊರನ್ನು ಸಹ್ಯಾದ್ರಿಯ ಆಶ್ರಯದಲ್ಲಿರುವ ವಿಜ್ಜಡವಿಡ ಎಂದು ತಾವೇ ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಹಲವು ವಿದ್ವಾಂಸರು ನಂಬಿದ್ದಾರೆ. ಮಹಾರಾಷ್ಟ್ರದ ಚಾಳೀಸಗಾಂವ ಬಳಿಯ ಪಾಟಣದಲ್ಲಿ, ಅವರ ಮೊಮ್ಮಗ ಚಂಗದೇವನು ಅವರ ಗ್ರಂಥಗಳ ಅಧ್ಯಯನಕ್ಕಾಗಿ ಮಠ ಸ್ಥಾಪಿಸಿದ್ದನ್ನು ಹೇಳುವ ಶಾಸನ ಇರುವುದರಿಂದ ಊರು ಆ ಕಡೆಯದೆಂದು ಇನ್ನು ಕೆಲವರು ವಾದಿಸುತ್ತಾರೆ. ವಿಜಯಪುರದ ಸುತ್ತಲಿನ ಬಯಲುಸೀಮೆಯನ್ನು ಸಹ್ಯಾದ್ರಿಯ ತಪ್ಪಲು ಎನ್ನುವುದು ಕಷ್ಟವೆಂದೇ ನನಗೂ ತೋರುತ್ತದೆ. ‘ವಿಜಯಪುರದವರೆಂದು ಹಲವರು ಹೇಳುತ್ತಾರೆ’ ಎಂದು ಬರೆದರೆ ಸತ್ಯಕ್ಕೆ ಧಕ್ಕೆ ಬರುವುದಿಲ್ಲ, ಮಕ್ಕಳ ಅಭಿಮಾನಕ್ಕೂ ಕುಂದಿಲ್ಲ.

ಪ್ರಶ್ನೆ ಕೇಳಿದವರಿಂದ

ಸರ್, ನೀವು ಹೇಳಿದಂತೆಯೇ ಬರೆಸುತ್ತೇನೆ. ಕೊನೆಯದಾಗಿ ಮಕ್ಕಳ ಒಂದು ಪ್ರಶ್ನೆ ಉಳಿದಿದೆ: ಈ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ಉತ್ತರಗಳೂ ಇವೆಯಲ್ಲ, ಅವುಗಳಿಗೂ 11, 59, 1523, 1787 ಅಪವರ್ತನಗಳಾಗಿಯೇ ಇರುತ್ತವೆಯೇ?

ಉತ್ತರ: ಉಪನ್ಯಾಸಕಿ, ಜಮಖಂಡಿ

ಒಂದು ಬಿಟ್ಟು ಒಂದಕ್ಕೆ ಇರುತ್ತವೆ, ಸರ್. ಎರಡನೆಯ ಜ್ಯೇಷ್ಠ ಮೂಲ ಬೇಕಾದರೆ ಮೊದಲನೆಯದರ ವರ್ಗವನ್ನು ಇಮ್ಮಡಿ ಮಾಡಿ 1 ಕಳೆಯಬೇಕು, ಅದು 6239765965720528801. ಮೊದಲನೆಯದನ್ನು ನಿಶ್ಶೇಷವಾಗಿ ಭಾಗಿಸುವ ಯಾವ ಅವಿಭಾಜ್ಯದಿಂದ ಇದನ್ನು ಭಾಗಿಸಿದರೂ −1 ಉಳಿಯುತ್ತದೆ. ಆದ್ದರಿಂದ ಆ ನಾಲ್ಕರಲ್ಲಿ ಒಂದೂ ಇದಕ್ಕೆ ಅಪವರ್ತನವಾಗಲಾರದು. ಮೂರನೆಯ ಜ್ಯೇಷ್ಠ ಮೂಲವಾದರೋ ಮೊದಲನೆಯದನ್ನು, ಅದರ ವರ್ಗದ ನಾಲ್ಕು ಪಟ್ಟಿನಲ್ಲಿ 3 ಕಳೆದ ಸಂಖ್ಯೆಯಿಂದ ಗುಣಿಸಿದಾಗ ಬರುತ್ತದೆ. ಹಾಗಾಗಿ ನಾಲ್ಕೂ ಮತ್ತೆ ಅದರಲ್ಲಿ ಇದ್ದೇ ಇರುತ್ತವೆ. ಐದನೆಯದು, ಏಳನೆಯದು, ಹೀಗೆ ಬೆಸ ಸ್ಥಾನದ ಎಲ್ಲವೂ ಅದೇ ರೀತಿ.

ಎರಡನೆಯ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು 8ರಿಂದ ಭಾಗಿಸಿದಾಗ 1 ಅಥವಾ 7 ಶೇಷ ಕೊಡುವಂಥವಾಗಿರಬೇಕು. ಅಂಥವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ 7ನ್ನು ಮಕ್ಕಳಿಂದ ಪರೀಕ್ಷೆ ಮಾಡಿಸಿ. 19 ಅಂಕೆಗಳನ್ನು ಭಾಗಿಸಬೇಕಾಗಿಲ್ಲ: 1766319049ನ್ನು 7ರಿಂದ ಭಾಗಿಸಿದರೆ ಶೇಷ 5, ಅದರ ವರ್ಗ 25, ಇಮ್ಮಡಿ ಮಾಡಿ 1 ಕಳೆದರೆ 49. ಅದು 7ರಿಂದ ಭಾಗವಾಗುವುದರಿಂದ ಆ 19 ಅಂಕೆಗಳ ಸಂಖ್ಯೆಯೂ 7ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.